ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಗಾಳಿ

ದುಡಿಮೆಗೆಂದೋ ಮಕ್ಕಳ ಶಾಲೆಗೆಂದೋ ಹಳ್ಳಿ ಬಿಟ್ಟು ಗೋಕಾಕ, ಮೂಡಲಗಿ, ಹುಕ್ಕೇರಿ ಪಟ್ಟಣಗಳಲ್ಲಿ ನೆಲೆಸಬಯಸುವ ದಂಪತಿಗಳು ಮೊದಲು ಮನೆಯ ಗಾಳಿಯನ್ನು ವಿಚಾರಿಸಬೇಕು. ಹಳೆಯ ಓಣಿಗಳಲ್ಲಿಯೂ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡೇ ಇದ್ದವು. ಆದರೆ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಒಲೆಯ ಹೊಗೆ ಅದರಿಂದ ಹೊರಹೋಗುತ್ತಿತ್ತು. ಈಗ ಚಿಕ್ಕ ನಿವೇಶನದಲ್ಲಿಯೇ ಸ್ಲ್ಯಾಬ್ ಹಾಕಿ, ಮೇಲೆ ಅಂತಸ್ತು ಏರಿಸಿ, ಕೋಣೆಗಳನ್ನು ಬಾಡಿಗೆಗೆ ಕೊಡುವುದುಂಟು. ಮೂರು ಕಡೆ ನೆರೆಯವರ ಗೋಡೆ, ಮುಂದೆ ಒಂದೇ ಬಾಗಿಲು!

ಇಂತಹ ಕೋಣೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯವಿದ್ದರೆ, ಕೆಮ್ಮಿದಾಗ ಹೊರಬಿದ್ದ ರೋಗಾಣುಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಸೊಸೆಗೆ ಕ್ಷಯವೆಂದು ಅವಳ ತಟ್ಟೆ ಲೋಟ ಬೇರೆ ಇಡುವುದು ವ್ಯರ್ಥ, ಅನ್ಯಾಯವೂ ಹೌದು. ಈ ರೋಗ ತಟ್ಟೆಯಿಂದ ಹರಡುವುದಿಲ್ಲ.

ಮನೆ ಕಟ್ಟಿಸುವಾಗ ಹಿತ್ತಲಿನ ಕಡೆ ಜಾಗ ಬಿಟ್ಟು, ಬಾಗಿಲಿಗೆ ಎದುರಾಗಿ ಕಿಟಕಿ ಇಡಲು ಗೌಂಡಿಗೆ ಹೇಳಿರಿ. ಬಾಡಿಗೆಯ ಮನೆಯಾದರೆ ಒಮ್ಮೆ ಬಾಗಿಲು ಮುಚ್ಚಿ ನೋಡಿರಿ. ಹಗಲಿನಲ್ಲಿಯೇ ದೀಪ ಬೇಕಾದರೆ, ಬಾಡಿಗೆ ಕಡಿಮೆಯೆಂದು ಒಪ್ಪಬೇಡಿರಿ.

ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ಸರಕಾರಿ ಆಸ್ಪತ್ರೆಗೆ ಬನ್ನಿರಿ. ಕಫ ಪರೀಕ್ಷೆಯೂ ಔಷಧವೂ ಉಚಿತ. ಔಷಧವನ್ನು ಸಾಮಾನ್ಯವಾಗಿ 6 ತಿಂಗಳು, ತಪ್ಪದೆ ಸೇವಿಸಬೇಕು. ಆಹಾರಕ್ಕೆಂದು ರೋಗಿಗೆ ಕೊಡುವ ಸಹಾಯಧನವು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ. ಮನೆಯ ಮಕ್ಕಳನ್ನೂ ಜೊತೆಗೆ ಕರೆತನ್ನಿರಿ. ರೋಗವಿಲ್ಲವೆಂದು ಖಚಿತವಾದ ಮೇಲೆ ಅವರಿಗೆ ರೋಗ ತಡೆಯುವ ಗುಳಿಗೆಗಳನ್ನು ಕೊಡುತ್ತೇವೆ.