ಮಾಹಿಮ್ ಕೊಲ್ಲಿಯ ಹಕ್ಕಿಗಳು ಮತ್ತು ಪಂಚಾಂಗದ ಲೆಕ್ಕ

ದಾದರ್, ಮಾಟುಂಗಾ, ಮಾಹಿಮ್ ಪರಿಸರದ ಮುಂಬಯಿ ಕನ್ನಡಿಗರಿಗೆ ಮಾಹಿಮ್ ಕೊಲ್ಲಿಯು ಕಣ್ಣಿಗಿಂತ ಮೊದಲು ಮೂಗಿಗೆ ಪರಿಚಿತವಾದ ಸ್ಥಳ. ಮೀಠಿ ನದಿಯು ನಗರದ ಕೊಳೆಯನ್ನು ಹೊತ್ತು ತಂದು ಇಲ್ಲಿ ಕಡಲನ್ನು ಸೇರುತ್ತದೆ. ಆದುದರಿಂದ ಪಕ್ಷಿವೀಕ್ಷಣೆಯ ಆಸೆಯುಳ್ಳವರು ರಾಜಹಂಸಗಳನ್ನು ಅರಸಿ ಠಾಣೆಯ ಖಾರಿಯತ್ತ ಹೋಗುವುದೇ ವಾಡಿಕೆ. ಮನೆಯ ಸಮೀಪದ ಈ ಕೊಲ್ಲಿಯೂ, ಅದರ ಉತ್ತರಕ್ಕೆ ಕಡಲೊಳಗೆ ಚಾಚಿರುವ ಬಾಂದ್ರಾ ಭೂಶಿರವೂ ಯಾರ ಗಣನೆಗೂ ಬರುವುದಿಲ್ಲ. ಒಮ್ಮೆ ಹೋಗಿ ಬಂದವರೂ ಹಕ್ಕಿಗಳೇ ಇರಲಿಲ್ಲವೆಂದು ದೂರುವುದುಂಟು. ಅನೇಕ ವೇಳೆ ತಪ್ಪು ಹಕ್ಕಿಗಳದಲ್ಲ, ಹೋದ ಹೊತ್ತಿನದು.

ತೀರದ ಹಕ್ಕಿಗಳಿಗೆ ಉಬ್ಬರವಿಳಿತವೇ ಗಡಿಯಾರ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಲ್ಲಿ ಹುಳುಗಳು, ಚಿಪ್ಪುಜೀವಿಗಳು, ಸಣ್ಣ ಏಡಿಗಳು ದೊರೆಯುತ್ತವೆ. ನೀರು ಮುಚ್ಚಿದೊಡನೆ ಊಟ ಮುಗಿಯಿತು. ಪೂರ್ಣ ಇಳಿತದಲ್ಲಿ ಹಕ್ಕಿಗಳು ದೂರದ ನೀರಂಚಿನಲ್ಲಿ ಚದುರಿರುತ್ತವೆ. ನೀರು ಏರತೊಡಗಿದಂತೆ ಹೆಜ್ಜೆ ಹೆಜ್ಜೆಯಾಗಿ ದಡದತ್ತ ಸರಿದು ನೋಡುವವರ ಎದುರಿಗೇ ಬರುತ್ತವೆ. ಆ ಎರಡು ಗಂಟೆಗಳ ಅವಧಿಯೇ ಸುಮುಹೂರ್ತ.

ಅದನ್ನು ತಿಳಿಯಲು ಗೋಡೆಯ ಪಂಚಾಂಗವೇ ಸಾಕು. ಪಕ್ಷದ ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ ಸಿಗುವುದೆಂಬುದು ಕೊಂಕಣ ತೀರದ ಹಳೆಯ ಲೆಕ್ಕ. ಚೌತಿಯಂದು ನಾಲ್ಕರ ಮುಕ್ಕಾಲು ಮೂರು. ಮೂರು ಗಂಟೆಗೆ ಉಬ್ಬರ, ಸುಮಾರು ಆರು ಗಂಟೆಗಳ ಬಳಿಕ ಒಂಬತ್ತಕ್ಕೆ ಇಳಿತ. ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಲೆಕ್ಕ ಹಿಡಿಯುವುದು 45 ನಿಮಿಷ ಮಾತ್ರ. ಈ ಚಿಲ್ಲರೆ ಬಾಕಿ ಕೂಡಿಕೊಂಡು, ಹುಣ್ಣಿಮೆ ಅಮಾವಾಸ್ಯೆಗಳಂದು ಲೆಕ್ಕದ ಹನ್ನೊಂದೂಕಾಲಿಗೆ ಬದಲು ಉಬ್ಬರವು ಹನ್ನೆರಡರ ಸುಮಾರಿಗೆ ಬರುತ್ತದೆ. ಅಂದರೆ ಅಂದು ಬೆಳಗಿನ ಆರಕ್ಕೆ ಇಳಿತ. ನೀರು ಅತಿ ದೂರ ಸರಿಯುವುದೂ ಆ ದಿನಗಳಲ್ಲಿಯೇ. ಉದ್ಯೋಗಸ್ಥರು ಇವುಗಳ ಸಮೀಪದ ಭಾನುವಾರವನ್ನು ಆರಿಸಿಕೊಂಡು ಏಳರಿಂದ ಒಂಬತ್ತರವರೆಗೆ ಹೋಗುವುದು ಉತ್ತಮ. ಏಕಾದಶಿಯ ಬೆಳಿಗ್ಗೆ ಎಂಟೂಕಾಲಿಗೆ ಕೊಲ್ಲಿ ತುಂಬಿರುತ್ತದೆ. ಅಂದು ಹಕ್ಕಿಗಳಿಗೂ ಉಪವಾಸ!

ಈ ಲೆಕ್ಕ ನೋಡುವುದಕ್ಕಷ್ಟೇ ಸಾಕು, ಬಂಡೆಗಳ ಮೇಲೆ ಇಳಿಯುವುದಕ್ಕಲ್ಲ. ಬಾಂದ್ರಾದ ಬಂಡೆಗಳಲ್ಲಿ ಏರುವ ನೀರಿಗೆ ಸಿಕ್ಕಿ ಪ್ರಾಣ ಕಳೆದುಕೊಂಡವರಿದ್ದಾರೆ. ಕೊಲ್ಲಿಯ ಕೆಸರಿಗೂ ಕಾಲಿಡಬಾರದು. ಅದು ಚರಂಡಿಯ ನೀರು ಕುಡಿದ ಕೆಸರು.

ಆರಂಭಿಕರು ಮೊದಲು ಬೆಳ್ಳಕ್ಕಿಗಳನ್ನು ಗಮನಿಸಲಿ. ಕರಿಯ ಕೊಕ್ಕು, ಕರಿಯ ಕಾಲು, ಹಳದಿ ಪಾದಗಳಿದ್ದರೆ ಅದು ಊರಿನ ಗದ್ದೆಯಲ್ಲಿ ಕಂಡ ಸಣ್ಣ ಬೆಳ್ಳಕ್ಕಿ. ಅದೇ ಗಾತ್ರದಲ್ಲಿ, ಮೈಯೆಲ್ಲ ಕಡುಬೂದು, ಗಂಟಲು ಮಾತ್ರ ಬಿಳಿ ಇರುವ ಹಕ್ಕಿ ಭೂಶಿರದ ಬಂಡೆಗಳ ಮೇಲೆ ಕಂಡರೆ ಅದು ಕಡಲತೀರದ ಬೆಳ್ಳಕ್ಕಿ. ಇದರಲ್ಲಿ ಬಿಳಿಯ ಬಣ್ಣದವೂ ಇರುವುದರಿಂದ ಗೊಂದಲ ಸಹಜ. ನೀರಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಪುಟ್ಟ ಹಕ್ಕಿ ಗೊರವ. ಚಳಿಗಾಲದಲ್ಲಿ ಬರುವ ಕಡಲಕ್ಕಿಗಳಲ್ಲಿ ಕಂದುತಲೆಯದು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವಂಥದು. ಇವುಗಳಿಗೆ ಗಾಂಠಿಯಾ ಎಸೆಯುವವರುಂಟು. ಕರಿದ ಉಪ್ಪು ತಿಂಡಿ ಹಕ್ಕಿಯ ಆಹಾರವಲ್ಲ.

1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಕಾರಣರಾದ ಡಾ. ಸಲೀಂ ಅಲಿಯವರು ವಾಸವಾಗಿದ್ದುದು ಇದೇ ಬಾಂದ್ರಾದ ಪಾಲಿ ಹಿಲ್‌ನಲ್ಲಿ.

ದಿನವಿಡೀ ಅಂಕಿಗಳನ್ನೋ ಪರದೆಯನ್ನೋ ನೋಡುವ ಕಣ್ಣಿನ ಸ್ನಾಯುಗಳು ಹತ್ತಿರದ ನೋಟಕ್ಕಾಗಿ ಬಿಗಿಯಾಗಿರುತ್ತವೆ. ದೂರ ನೋಡಿದಾಗ ಮಾತ್ರ ಸಡಿಲಗೊಳ್ಳುತ್ತವೆ. ಇದೊಂದು ಲಾಭ. ಆದರೆ ಕೊಲ್ಲಿಯ ಕೆಸರು ಮತ್ತು ಕಾಂಡ್ಲಾ ಗಿಡಗಳು ನಗರಕ್ಕೆ ಕೊಡುವ ಲಾಭ ಬೇರೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ಒತ್ತುವರಿಯಿಂದ ಇಕ್ಕಟ್ಟಾಗಿದ್ದ ಮೀಠಿ ನದಿಯ ನೀರು ಮನೆಗಳಿಗೆ ನುಗ್ಗಿತು. ಹಕ್ಕಿಗಳ ಊಟದ ಬಯಲನ್ನು ಪಾಳು ಜಾಗವೆಂದು ತುಂಬಿಸಿದರೆ ನೀರಿಗೂ ದಾರಿಯಿಲ್ಲ.

ಹಿಂಡನ್ನು ಎಣಿಸುವಾಗ ಒಂದೊಂದಾಗಿ ಎಣಿಸಬೇಕಿಲ್ಲ. ನೋಟಿನ ಕಟ್ಟಿನಂತೆ ಹತ್ತರ ಗುಂಪನ್ನು ಕಣ್ಣಿಗೆ ಹಿಡಿದು ಅಂಥವು ಎಷ್ಟೆಂದು ನೋಡಿ, ದಿನಾಂಕದ ಪಕ್ಕದಲ್ಲಿ ತಿಥಿಯೊಡನೆ ಬರೆದಿಡಬೇಕು. ಕಂದುತಲೆಯ ಕಡಲಕ್ಕಿಗೆ ಚಳಿಗಾಲದಲ್ಲಿ ಕಿವಿಯ ಬಳಿ ಒಂದು ಕಪ್ಪು ಮಚ್ಚೆಯಷ್ಟೇ ಇರುತ್ತದೆ. ಮಾರ್ಚಿಯಲ್ಲಿ ಆ ತಲೆಯು ಕಂದಾಗತೊಡಗಿದರೆ ಅದು ಹೊರಡುವ ದಿನ ಸಮೀಪಿಸಿತೆಂದು ತಿಳಿಯಬೇಕು.