ಉದ್ಯೋಗತ್ಯಾಗವೂ ಕಾಯಕವೂ



ಮಗನು ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಒಳ್ಳೆಯ ಸಂಬಳಕ್ಕಿದ್ದಾನೆ. ಈಗ ಅದನ್ನು ಬಿಟ್ಟು ಊರಿಗೆ ಬಂದು ಕೈಗೆಲಸದ ಚಿಕ್ಕದೊಂದು ಉದ್ದಿಮೆಯನ್ನು ಹೂಡುವೆನೆನ್ನುತ್ತಾನೆ. ಇದಕ್ಕೆ ಶರಣರ ಮತವೇನು? ಈ ಬಗೆಯ ಪ್ರಶ್ನೆಯು ಗಂಗಾವತಿ, ಶ್ರೀರಾಮನಗರಗಳ ಕಡೆಯ ಗೃಹಸ್ಥರ ಬಾಯಲ್ಲಿ ಈಚೆಗೆ ಕೇಳಿಬರುತ್ತಿದೆ. ತುಂಗಭದ್ರೆಯ ಎಡದಂಡೆ ನಾಲೆಯ ನೀರಿನಿಂದ ಭತ್ತ ಬೆಳೆದು, ಆ ಭತ್ತದ ಹಣದಿಂದ ಮಕ್ಕಳನ್ನು ಓದಿಸಿದ ತಾಯಿತಂದೆಗಳಿಗೆ ತಿಂಗಳ ಸಂಬಳವೆಂಬುದು ಮಳೆಯನ್ನಾಗಲಿ ಜಲಾಶಯದ ಮಟ್ಟವನ್ನಾಗಲಿ ನೋಡಬೇಕಿಲ್ಲದ ಏಕಮಾತ್ರ ಫಸಲು. ಅದನ್ನು ಕೈಯಾರೆ ಬಿಡುವೆನೆಂದರೆ ಅವರ ಎದೆ ಝಲ್ಲೆನ್ನುವುದು ಸಹಜವೇ ಆಗಿದೆ. ಆದುದರಿಂದ ಇದನ್ನು ಹುಡುಗರ ಹುಚ್ಚೆಂದು ತಳ್ಳಿಬಿಡದೆ ಕ್ರಮವಾಗಿ ವಿಚಾರಿಸುವುದು ಯುಕ್ತ. (ಮಗನೆಂದು ಬರೆದೆನು, ಮಗಳೆಂದರೂ ವಿಚಾರವು ಒಂದೇ.)

ಇಲ್ಲಿ ಪೂರ್ವಪಕ್ಷವೊಂದುಂಟು. ಪರರ ಚಾಕರಿಯು ಬಂಧನ, ಸ್ವಂತ ಕೆಲಸವು ಮುಕ್ತಿ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನೇ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಲಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಸರಿಯೇ. ಆದರೆ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿಕೊಂಡಿದ್ದರೆಂಬುದನ್ನು ಇವರು ಮರೆಯುತ್ತಾರೆ. ಪರರ ಕೆಳಗಿರುವುದೇ ದೋಷವಾಗಿದ್ದರೆ ಬಸವಣ್ಣನವರಿಗೆ ಆ ದೋಷ ತಟ್ಟಬೇಕಾಗಿತ್ತು. ಮಾರಯ್ಯನವರ ಹಿರಿಮೆಯಾದರೂ ಅವರು ಬಿಟ್ಟ ಸಿಂಹಾಸನದಲ್ಲಿಲ್ಲ. ಬಿಟ್ಟ ಬಳಿಕ ದಿನದಿನವೂ ತಪ್ಪದೆ ಹೊತ್ತ ಹೊರೆಯಲ್ಲಿದೆ. ಬಸವಣ್ಣನವರು ವೇಷ ಮರೆಸಿಕೊಂಡು ಅವರ ಮನೆಗೆ ಬಂದು ಅಂಬಲಿಯುಂಡು, ಬಡತನಕ್ಕೆ ಮರುಗಿ, ಹೊನ್ನನ್ನು ಇರಿಸಿಹೋದರೆಂದೂ, ದುಡಿಯದೆ ಬಂದ ಆ ಹೊನ್ನನ್ನು ಕಂಡು ಮಾರಯ್ಯನವರು ನೊಂದು ಅದನ್ನು ಜಂಗಮರಿಗೆ ಕೊಟ್ಟುಬಿಟ್ಟರೆಂದೂ ಪರಂಪರೆಯ ಕಥೆ ಹೇಳುತ್ತದೆ. ಕೆಲಸ ಬಿಡುವೆನೆಂಬ ತರುಣನನ್ನು ನಾವು ಕೇಳಬೇಕಾದುದು, “ಏನನ್ನು ಬಿಡುತ್ತೀಯೆ?” ಎಂದಲ್ಲ, “ನಾಳೆ ಬೆಳಗಾದರೆ ನಿನ್ನ ಹೊರೆ ಯಾವುದು?” ಎಂದು.

ಪುರಾತನರ ಮಾತು ಅಂತಿರಲಿ. ನಮಗೆ ಹತ್ತಿರದ ಕಾಲದ ನಿದರ್ಶನವೊಂದನ್ನು ನೋಡೋಣ. ವಚನಗಳು ಇಂದು ನಮ್ಮ ಕೈಗೆ ಅಚ್ಚಾಗಿ ದೊರೆತಿರುವುದಕ್ಕೆ ಮುಖ್ಯ ಕಾರಣರಾದ ಡಾ. ಫ. ಗು. ಹಳಕಟ್ಟಿಯವರು (1880–1964) ವಿಜಾಪುರದಲ್ಲಿ ವಕೀಲರಾಗಿದ್ದರು. ಅದು ಕಂಪನಿಯ ನೌಕರಿಯಲ್ಲ ನಿಜ; ಆದರೆ ಆ ಕಾಲಕ್ಕೆ ಮಾನವೂ ಧನವೂ ಕೂಡಿದ ವೃತ್ತಿ. ಅದನ್ನು ಹಿಂದಿಕ್ಕಿ ಅವರು ಕೈಹಾಕಿದ್ದು ಪುಟ್ಟದೊಂದು ಮುದ್ರಣಾಲಯಕ್ಕೆ. ಗಮನಿಸತಕ್ಕ ಸಂಗತಿಯೆಂದರೆ, ಅವರು ಒಂದು ಬೆಳಗಿನಲ್ಲಿ ಕೋಟು ಕಳಚಿಟ್ಟು ಹೊರಟವರಲ್ಲ. ವಕೀಲಿಯ ಸಂಪಾದನೆಯಿರುವಾಗಲೇ ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿದರು, ಪಾಠಗಳನ್ನು ಹೋಲಿಸಿ ನೋಡಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಹೊರಬಂದುದು ಪರರ ಅಚ್ಚುಕೂಟದಿಂದ. ಅದಾದ ಮೇಲೆ 1925ರಲ್ಲಿ ಸ್ವಂತ ‘ಹಿತಚಿಂತಕ’ ಮುದ್ರಣಾಲಯ. 1926ರಲ್ಲಿ ‘ಶಿವಾನುಭವ’ ಪತ್ರಿಕೆ. 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಕೆಲಸವು ಮೊದಲು ಕೈಗೆ ಹತ್ತಿತು, ಯಂತ್ರವು ಅನಂತರ ಮನೆಗೆ ಬಂದಿತು. ಇಂದಿನ ತರುಣರು ಬಹುಮಟ್ಟಿಗೆ ಇದನ್ನು ತಿರುವುಮುರುವು ಮಾಡುತ್ತಾರೆ: ಮೊದಲು ಅಂಗಡಿಯ ಹೆಸರು, ಫಲಕ, ಉದ್ಘಾಟನೆ, ಕಸುಬಿನ ಕಲಿಕೆ ಕಡೆಗೆ.

ಇನ್ನೊಂದು ಮಾತನ್ನು ಹೊಗಳಿಕೆಯಲ್ಲಿ ಮುಚ್ಚಬಾರದು. ಆ ಮುದ್ರಣಾಲಯಕ್ಕಾಗಿ ಹಳಕಟ್ಟಿಯವರು ಮನೆಯನ್ನೇ ಮಾರಿದರು. ಕಡೆಯವರೆಗೂ ಕಡುಬಡತನದಲ್ಲಿ ಬಾಳಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಆದರೆ ಗೌರವದಿಂದ ಒಲೆ ಉರಿಯದು. ಅವರ ತ್ಯಾಗವು ನಾಡಿಗೆ ಸಂದಿತು. ಅದರ ಭಾರವನ್ನು ಹೊತ್ತವರಲ್ಲಿ ಮನೆಯವರೂ ಇದ್ದರು. ಎಲ್ಲರ ಕೆಲಸವೂ ವಚನೋದ್ಧಾರದಂತಹ ಕೆಲಸವಲ್ಲವಾದ್ದರಿಂದ, ಮನೆ ಮಾರುವ ಆ ಭಾಗವನ್ನು ಅನುಕರಿಸುವ ಅಧಿಕಾರವು ಎಲ್ಲರಿಗೂ ಇದೆಯೆಂದು ನನಗನಿಸದು.

ಮನೆಯವರೆಂದೊಡನೆ ಆಯ್ದಕ್ಕಿ ಲಕ್ಕಮ್ಮನವರು ನೆನಪಾಗುತ್ತಾರೆ. ಆ ದಂಪತಿಗಳು ನಮ್ಮ ನೆರೆಯ ರಾಯಚೂರು ಸೀಮೆಯ ಅಮರೇಶ್ವರದವರು. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರಷ್ಟೆ. ಇದನ್ನು ನಿರಾಸೆಯ ಪಾಠವೆಂದು ಮಾತ್ರ ಓದುವುದು ವಾಡಿಕೆ. ಆದರೆ ಮನೆಯ ಲೆಕ್ಕವನ್ನು ಹಿಡಿದವರು ಮಡದಿ, ಅವರ ಮಾತಿಗೆ ಪತಿಯು ಮರುಮಾತಿಲ್ಲದೆ ಹಿಂದಿರುಗಿದನೆಂಬುದೂ ಅಲ್ಲಿದೆ. ರಾಜೀನಾಮೆಯ ಕಾಗದವನ್ನು ಕೊಟ್ಟು ಬಂದ ಮೇಲೆ ಮಡದಿಗೆ ತಿಳಿಸುವವರು ಆ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು. ಒಂದು ವರ್ಷದ ಕಾಳುಕಡಿ, ಮಕ್ಕಳ ಶಾಲೆಯ ಶುಲ್ಕ, ಹಿರಿಯರ ಔಷಧ, ಇರುವ ಸಾಲದ ಕಂತು, ಇವಿಷ್ಟನ್ನೂ ಇಬ್ಬರೂ ಕುಳಿತು ಬರೆಯಲಿ. ಕಾಯಂ ನೌಕರನಿಗೆ ಗ್ರ್ಯಾಚುಯಿಟಿ ಸಲ್ಲಲು ಸಾಮಾನ್ಯವಾಗಿ 5 ವರ್ಷಗಳ ಸತತ ಸೇವೆ ಬೇಕು. ಕೆಲವೇ ತಿಂಗಳು ಉಳಿದಿರುವಾಗ ಆತುರದಿಂದ ಹೊರಬಿದ್ದು ಆ ಹಣವನ್ನು ಕಳೆದುಕೊಳ್ಳುವುದು ವೈರಾಗ್ಯವಲ್ಲ. ನೀರಾವರಿ ಹೊಲವನ್ನು ಒತ್ತೆಯಿಟ್ಟು ಮೊದಲ ಬಂಡವಾಳ ತರುವುದನ್ನಂತೂ ನಾನು ಒಪ್ಪಲಾರೆ.

ಇನ್ನು ಯಾವ ಕೆಲಸವೆಂಬ ವಿಷಯ. ದೂರ ಹುಡುಕಬೇಕಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರ ಕುಶಲಕಲೆ ಇಂದಿಗೂ ಉಸಿರಾಡುತ್ತಿದೆ. ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರು ಇವರ ಪೂರ್ವಜರೆಂದು ಪ್ರತೀತಿ. ಹಗುರವಾದ ಮರದಲ್ಲಿ ಅವಯವಗಳನ್ನು ಬೇರೆಬೇರೆಯಾಗಿ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಅದೇ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಸಂದುಗಳಿಗೆ ತುಂಬುತ್ತಾರೆ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಅನಂತರ ಬಿಳಿಯ ಬಣ್ಣ, ಕಡೆಗೆ ಉಳಿದ ಬಣ್ಣಗಳು. ಪ್ರತಿಯೊಂದು ಹಂತವೂ ಒಣಗಲು ಕಾಯಬೇಕು. ತಿಂಗಳ ಕೊನೆಯ ದಿನ ಸಂಬಳ ಬರುವ ಅಭ್ಯಾಸದವನಿಗೆ ಈ ಕಾಯುವಿಕೆಯೇ ಮೊದಲ ದೀಕ್ಷೆ. ಗಂಗಾವತಿ ತಾಲೂಕಿನದೇ ಆದ ಆನೆಗೊಂದಿಯಲ್ಲಿ ಹಳ್ಳಿಯ ಹೆಂಗಸರು ಬಾಳೆಯ ನಾರಿನಿಂದ ಚೀಲ, ಬುಟ್ಟಿಗಳನ್ನು ಹೆಣೆಯುತ್ತಾರೆ.

ನಗರದಿಂದ ಮರಳಿದವನು ಇಂತಹವರ ನಡುವೆ ಧಣಿಯಾಗಿ ಬರಬಾರದು. ಅವನಿಗೆ ಬಂದಿರುವ ವಿದ್ಯೆ ಬೇರೆ: ದೂರದ ಗಿರಾಕಿಗೆ ಸರಕನ್ನು ತೋರಿಸುವುದು, ಮುರಿಯದಂತೆ ಕಟ್ಟಿ ಕಳುಹಿಸುವುದು, ತೆರಿಗೆಯ ಲೆಕ್ಕ ಬರೆಯುವುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಗೊಂಬೆ ಮಾಡುವವರೂ ಬುಟ್ಟಿ ಹೆಣೆಯುವವರೂ ಸೇರಿ 18 ಕಸುಬಿನವರಿಗೆ ಶೇ. 5ರ ಬಡ್ಡಿಯಲ್ಲಿ, ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷ ರೂಪಾಯಿ ಸಾಲವುಂಟು. ಅದು ಕೈಯಿಂದ ದುಡಿಯುವ ಕುಶಲಕರ್ಮಿಗೆ ಮೀಸಲಾದುದು. ತಿಳಿದವನು ಅರ್ಜಿ ಬರೆದುಕೊಟ್ಟು ಅವರಿಗೆ ಅದನ್ನು ಕೊಡಿಸಲಿ. ತನ್ನ ಹೆಸರನ್ನು ಅಲ್ಲಿ ತೂರಿಸದಿರಲಿ.

ಬೆಲೆ ಕಟ್ಟುವಲ್ಲಿ ನುಲಿಯ ಚಂದಯ್ಯನವರು ನಮಗೆ ಗುರುಗಳು. ಅವರ ಹಗ್ಗಕ್ಕೆ ಸಲ್ಲತಕ್ಕುದಕ್ಕಿಂತ ಹೆಚ್ಚು ಹಣ ಬಂದಾಗ ಅವರು ಒಪ್ಪಲಿಲ್ಲವೆಂದು ಹೇಳುತ್ತಾರೆ. ಕಡಿಮೆಗೆ ಮಾರಿದರೆಂದೂ ಯಾರೂ ಹೇಳಿಲ್ಲ! ಹೊಸದಾಗಿ ತೊಡಗಿದವರು ಸಂಕೋಚದಿಂದ ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಮಾರಿ, ವರ್ಷದೊಳಗೆ ಬಾಗಿಲು ಹಾಕುತ್ತಾರೆ. ಗೊಂಬೆಯೊಂದಕ್ಕೆ ಮರವೆಷ್ಟು, ಅಂಟು ಬಣ್ಣಗಳೆಷ್ಟು, ಕೆತ್ತಿದವನ ದಿನಗಳೆಷ್ಟು, ಬಣ್ಣ ಹಾಕಿದವಳ ದಿನಗಳೆಷ್ಟು, ಸಾಗಣೆಯಲ್ಲಿ ಮುರಿದವೆಷ್ಟು ಎಂದು ಒಂದು ವಹಿಯಲ್ಲಿ ಬರೆಯಲಿ. ಆ ವಹಿಯನ್ನು ಕೆತ್ತಿದವನೂ ಬಣ್ಣ ಹಾಕಿದವಳೂ ಬೇಕೆಂದಾಗ ತೆರೆದು ನೋಡುವಂತಿರಲಿ; ದಾಸೋಹಕ್ಕೆ ಎತ್ತಿಟ್ಟುದನ್ನು ಅವರ ಕೂಲಿ ಸಂದಾಯವಾದ ಸಾಲಿನ ಕೆಳಗೆ ಬರೆಯಲಿ, ಮೇಲಲ್ಲ.