ಕೋವಿಗೆ ತಕ್ಕ ಮದ್ದು

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ನಾಟಿ ಮುಗಿದಿರುತ್ತದೆ, ಮನೆಯ ಕೋವಿಗಳನ್ನು ಒರಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಬಳಿಕ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಒಂದು ವರ್ಷ ಹಬ್ಬ ಕಳೆದ ಮರುದಿನ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತನು. ಅವನ ಮನೆಯಲ್ಲಿ ಮುತ್ತಜ್ಜನ ಕಾಲದ ಕೇಪಿನ ಕೋವಿ, ಒಂದು ತೋಟಾಕೋವಿ, ಒಂದು ರೈಫಲ್ ಇವೆಯಂತೆ. “ಮೂರಕ್ಕೂ ಬೇಕಾದದ್ದು ಮದ್ದೇ ತಾನೆ ಸರ್? ತೋಟಾಕೋವಿಯ ಮದ್ದನ್ನೇ ಸ್ವಲ್ಪ ಕಡಿಮೆ ಮಾಡಿ ರೈಫಲ್ಲಿನ ಖಾಲಿ ತೋಟೆಗೆ ತುಂಬಿದರೆ ಏನು?” ಎಂಬುದು ಅವನ ಪ್ರಶ್ನೆ. ಅಂದಿನ ಪಾಠವನ್ನು ಬದಿಗಿಟ್ಟು ನಾವು ಸೀಮೆಸುಣ್ಣ ಕೈಗೆತ್ತಿಕೊಂಡೆವು.

ಮೊದಲು ಒಂದು ಲೆಕ್ಕ. ಪ್ರಸಿದ್ಧವಾದ .303 ರೈಫಲ್ಲಿನ ಗುಂಡಿನ ತೂಕ 174 ಗ್ರೇನ್. ಗ್ರೇನ್ ಎಂದರೆ ಹಿಂದಿನವರು ಜವೆಗೋಧಿಯ ಕಾಳಿನಿಂದ ಕಟ್ಟಿದ ತೂಕ. ನಮ್ಮ ಅಕ್ಕಸಾಲಿಗರ ಒಂದು ಗುಂಜಿಗೆ ಸುಮಾರು ಎರಡು ಗ್ರೇನ್. ಎಂದರೆ ಗುಂಡು ಸುಮಾರು 11 ಗ್ರಾಂ. ಅದು ನಳಿಗೆಯ ಬಾಯಿಂದ ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಿಂದ ಹೊರಬೀಳುತ್ತದೆ. ಅದರ ಚಲನಶಕ್ತಿ 3,000 ಜೂಲ್‌ಗಿಂತ ಸ್ವಲ್ಪ ಹೆಚ್ಚು. ಈ ಶಕ್ತಿಯನ್ನು ಅದು ಪಡೆದದ್ದು ನಳಿಗೆಯೊಳಗಿನ ಸುಮಾರು 60 ಸೆಂಟಿಮೀಟರ್ ದಾರಿಯಲ್ಲಿ. ಶಕ್ತಿಯನ್ನು ದೂರದಿಂದ ಭಾಗಿಸಿದರೆ ಸರಾಸರಿ ಬಲ. ಬಲವನ್ನು ನಳಿಗೆಯ ತೂತಿನ ವಿಸ್ತೀರ್ಣದಿಂದ ಭಾಗಿಸಿದರೆ ಸರಾಸರಿ ಒತ್ತಡ. ಉತ್ತರ ವಾಯುಮಂಡಲದ ಒತ್ತಡದ ಸಾವಿರ ಪಟ್ಟಿನ ಸುಮಾರಿಗೆ ಬರುತ್ತದೆ. ಆದರೆ ಅದೇ ಕೋವಿಯಲ್ಲಿ ಅಳೆದು ನೋಡಿದ ಶಿಖರದ ಒತ್ತಡ ಸುಮಾರು ಮೂರು ಸಾವಿರ ಪಟ್ಟು! ಸರಾಸರಿಗೂ ಶಿಖರಕ್ಕೂ ಇರುವ ಈ ಅಂತರದಲ್ಲಿಯೇ ಮದ್ದಿನ ಆಯ್ಕೆಯ ಪ್ರಶ್ನೆಯೆಲ್ಲ ಅಡಗಿದೆ.

ಗುಂಡು ಸಾಗಿದ ದೂರವನ್ನು ಅಡ್ಡಕ್ಕೂ ಅದರ ಹಿಂದಿನ ಒತ್ತಡವನ್ನು ಎತ್ತರಕ್ಕೂ ಗುರುತಿಸಿ ಒಂದು ರೇಖೆ ಬರೆಯಿರಿ. ಗುಂಡಿಗೆ ದೊರೆಯುವ ವೇಗವನ್ನು ನಿರ್ಣಯಿಸುವುದು ಆ ರೇಖೆಯ ಕೆಳಗಿನ ವಿಸ್ತೀರ್ಣ. ಕೋವಿ ಉಳಿಯುವುದೋ ಸಿಡಿಯುವುದೋ ಎಂಬುದನ್ನು ನಿರ್ಣಯಿಸುವುದು ಅದರ ಶಿಖರ. ಬೇಗ ಉರಿಯುವ ಮದ್ದು ಕಿರಿದಾದ ಎತ್ತರದ ಗೋಪುರವನ್ನು ಬರೆಯುತ್ತದೆ. ನಿಧಾನವಾಗಿ ಉರಿಯುವುದು ಅಗಲವಾದ ಗುಡ್ಡವನ್ನು. ಎರಡರ ವಿಸ್ತೀರ್ಣ ಒಂದೇ ಆಗಿರಬಹುದು, ಶಿಖರ ಒಂದೇ ಆಗಿರುವುದಿಲ್ಲ.

ತೋಟಾಕೋವಿಯ ನಳಿಗೆ ಅಗಲವಾದದ್ದು. ಹನ್ನೆರಡು ಬೋರಿನ ತೂತಿನ ವಿಸ್ತೀರ್ಣ .303ರ ತೂತಿನ ಐದು ಪಟ್ಟಿಗಿಂತ ಹೆಚ್ಚು. ಚರೆ ಒಂದು ಅಂಗುಲ ಮುಂದೆ ಸರಿದರೆ ಅದರ ಹಿಂದೆ ಅನಿಲಕ್ಕೆ ಹಿಗ್ಗಲು ಅಷ್ಟೇ ಪಟ್ಟು ಹೆಚ್ಚು ಜಾಗ ತೆರೆಯುತ್ತದೆ. ಆದುದರಿಂದ ಅಲ್ಲಿ ಬೇಗನೆ ಉರಿಯುವ ಮದ್ದೇ ತಕ್ಕದ್ದು. ನಿಧಾನದ ಮದ್ದಾದರೆ ಅರ್ಧ ಉರಿಯುವ ಮೊದಲೇ ಚರೆ ಹೊರಬಿದ್ದಿರುತ್ತದೆ. ಅದೇ ಬೇಗದ ಮದ್ದು ರೈಫಲ್ಲಿನ ಇಕ್ಕಟ್ಟಿನಲ್ಲಿ ಭಾರವಾದ ಗುಂಡಿನ ಹಿಂದೆ ಉರಿದರೆ ಅನಿಲಕ್ಕೆ ಹೋಗಲು ಜಾಗವೇ ಇರುವುದಿಲ್ಲ.

ಇಲ್ಲಿ ಇನ್ನೊಂದು ಅಪಾಯವಿದೆ. ಮದ್ದು ಉರಿಯುವ ವೇಗವು ಸುತ್ತಲಿನ ಒತ್ತಡವನ್ನು ಅವಲಂಬಿಸಿದೆ: ಒತ್ತಡ ಏರಿದರೆ ಉರಿ ಚುರುಕಾಗುತ್ತದೆ, ಉರಿ ಚುರುಕಾದರೆ ಒತ್ತಡ ಏರುತ್ತದೆ. ಹಳೆಯ ಕರಿಮದ್ದಿನಲ್ಲಿ ಈ ಗುಣ ಸೌಮ್ಯ, ಹೊಗೆಯಿಲ್ಲದ ಮದ್ದಿನಲ್ಲಿ ಉಗ್ರ. ಹೀಗಾಗಿ ಮದ್ದನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಒತ್ತಡ ಅದಕ್ಕಿಂತ ಬಹಳ ಹೆಚ್ಚು ಪಾಲು ಏರುತ್ತದೆ. “ಸ್ವಲ್ಪ ಕಡಿಮೆ ಮಾಡಿ” ಎಂಬ ಅಂದಾಜಿನ ಮಾತಿಗೆ ಈ ಲೆಕ್ಕದಲ್ಲಿ ಸ್ಥಳವಿಲ್ಲ.

ಉರಿಯ ವೇಗವನ್ನು ಕಾರ್ಖಾನೆಯವರು ಹೇಗೆ ಹಿಡಿತಕ್ಕೆ ತರುತ್ತಾರೆ? ಕೊಡಗಿನ ಮಳೆಗಾಲದಲ್ಲಿ ಒಲೆ ಹೊತ್ತಿಸಿದವರಿಗೆ ಅರ್ಧ ಉತ್ತರ ಗೊತ್ತೇ ಇದೆ. ಒಂದೇ ಕೊರಡನ್ನು ಚಕ್ಕೆಗಳಾಗಿ ಸೀಳಿದರೆ ಭಗ್ಗೆಂದು ಉರಿದು ಮುಗಿಯುತ್ತದೆ. ಇಡಿಯಾಗಿ ಇಟ್ಟರೆ ರಾತ್ರಿಯೆಲ್ಲ ಕೆಂಡ. ಮದ್ದೂ ಮೇಲ್ಮೈಯಿಂದಲೇ ಉರಿಯುತ್ತದೆ. ಸಣ್ಣ ಕಾಳಾದರೆ ಬೇಗ, ದಪ್ಪ ಕಾಳಾದರೆ ನಿಧಾನ. ಇನ್ನು ಆಕಾರದ ಜಾಣ್ಮೆ: ಗುಂಡನೆಯ ಕಾಳು ಉರಿದಂತೆ ಕಿರಿದಾಗುತ್ತದೆ. ನಡುವೆ ರಂಧ್ರವಿರುವ ಕೊಳವೆಯ ಹೊರಮೈ ಸವೆದಷ್ಟೂ ಒಳಮೈ ಬೆಳೆದು ಒಟ್ಟು ಮೇಲ್ಮೈ ಹೆಚ್ಚುಕಡಿಮೆ ಸಮನಾಗಿರುತ್ತದೆ. ಹಲವು ರಂಧ್ರಗಳಿದ್ದರೆ ಉರಿದಂತೆಲ್ಲ ಮೇಲ್ಮೈ ಹೆಚ್ಚುತ್ತ ಹೋಗುತ್ತದೆ, ಗುಂಡು ಮುಂದೆ ಓಡಿದ ಮೇಲೂ ತಳ್ಳು ಸಡಿಲವಾಗುವುದಿಲ್ಲ. ಅಮೆರಿಕದ ರಾಡ್‌ಮನ್ ಎಂಬ ಸೇನಾಧಿಕಾರಿ 1860ರ ಸುಮಾರಿನಲ್ಲಿ ದೊಡ್ಡ ಫಿರಂಗಿಗಳಿಗಾಗಿ ಈ ಉಪಾಯವನ್ನು ಪ್ರಯೋಗಿಸಿದನು.

ಕರಿಮದ್ದು ಪೆಟ್ಲುಪ್ಪು, ಇದ್ದಲು, ಗಂಧಕಗಳ ಮಿಶ್ರಣ. ಅದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆ, ಮಸಿಗಳಾಗಿ ಉಳಿಯುತ್ತದೆ. 1884ರಲ್ಲಿ ಫ್ರಾನ್ಸಿನ ವ್ಯೆಯ್ಲ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದನು. 1889ರಲ್ಲಿ ಇಂಗ್ಲೆಂಡಿನ ಏಬೆಲ್ ಮತ್ತು ಡ್ಯೂವರ್ ದಾರದಂತಹ ಕಾರ್ಡೈಟನ್ನು ಕಂಡುಹಿಡಿದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನೀಲಗಿರಿಯ ಅರವಂಕಾಡಿನಲ್ಲಿಯೇ ಅದರ ಕಾರ್ಖಾನೆ ಎದ್ದಿತು. .303 ರೈಫಲ್ ಈ ಎರಡು ಯುಗಗಳನ್ನೂ ಕಂಡಿದೆ. 1888ರಲ್ಲಿ ಅದರ ತೋಟೆಗೆ ಒತ್ತಿ ತುಂಬುತ್ತಿದ್ದ ಕರಿಮದ್ದು ಸುಮಾರು 70 ಗ್ರೇನ್. 1891ರಲ್ಲಿ ಬಂದ ಕಾರ್ಡೈಟ್ ಸುಮಾರು 30 ಗ್ರೇನ್ ಮಾತ್ರ. ಅರ್ಧಕ್ಕಿಂತ ಕಡಿಮೆ ಮದ್ದಿನಿಂದ ಗುಂಡಿನ ವೇಗ ಮೊದಲಿಗಿಂತ ಹೆಚ್ಚೇ ಆಯಿತು. ಕೇಪಿನ ಕೋವಿಯ ಅಳತೆಕೊಳವೆ ಕರಿಮದ್ದಿಗಾಗಿ ಮಾಡಿದ್ದು. ಅದರ ತುಂಬ ಹೊಗೆಯಿಲ್ಲದ ಮದ್ದನ್ನು ಅಳೆದು ಹಳೆಯ ನಳಿಗೆಗೆ ಸುರಿದವನ ಕೈ, ಕಣ್ಣುಗಳ ಗತಿಯನ್ನು ವಾಚಕರೇ ಊಹಿಸಬಹುದು.

ಅಮೆರಿಕದಂತಹ ದೇಶಗಳಲ್ಲಿ ಮನೆಯಲ್ಲಿ ತೋಟೆ ತುಂಬುವುದು ಒಂದು ಹವ್ಯಾಸ. ಅಲ್ಲಿಯವರೂ ಊಹೆಯಿಂದ ಮದ್ದನ್ನು ಆರಿಸುವುದಿಲ್ಲ. ಇಂಥ ತೋಟೆ, ಇಂಥ ಗುಂಡು, ಇಂಥ ಮದ್ದು, ಇಷ್ಟೇ ತೂಕ ಎಂದು ಕಂಪನಿಗಳು ಒತ್ತಡವನ್ನು ಅಳೆದು ಕೋಷ್ಟಕ ಪ್ರಕಟಿಸುತ್ತವೆ. ಹೆಸರನ್ನು ನಂಬುವಂತೆಯೂ ಇಲ್ಲ: 4831 ಎಂಬ ಒಂದೇ ಸಂಖ್ಯೆ ಹೊತ್ತ ಹಾಡ್ಜ್‌ಡನ್ ಮತ್ತು ಐ.ಎಂ.ಆರ್. ಮದ್ದುಗಳಲ್ಲಿ ಎರಡನೆಯದು ಹೆಚ್ಚು ಬೇಗ ಉರಿಯುತ್ತದೆ. ನಮ್ಮಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಅದು ಕೋವಿಯನ್ನು ಇಟ್ಟುಕೊಳ್ಳುವ, ಒಯ್ಯುವ ಮಾತು. ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರ ಕಾಯಿದೆಯಂತೆ ಪರವಾನಗಿ ಬೇರೆಯೇ ಬೇಕು.

ಗಂಟೆ ಹೊಡೆದ ಮೇಲೆ ಹುಡುಗನು ಮೇಜಿನ ಬಳಿ ಬಂದನು. ಮನೆಯ ಅಟ್ಟದಲ್ಲಿ ಚೀಟಿಯಿಲ್ಲದ ಡಬ್ಬಿಯೊಂದರಲ್ಲಿ ಬೂದುಗಪ್ಪು ಮದ್ದಿದೆ, ಯಾವುದೆಂದು ನೋಡಿ ಹೇಳಬಹುದೆ ಎಂದನು. ಹೇಳಲಾಗದು ಎಂದೆವು. ಎರಡು ಬಗೆಯ ಮದ್ದಿಗೂ ಗ್ರಾಫೈಟಿನ ಮೆರುಗು ಕೊಡುವುದುಂಟು, ಬಣ್ಣ ಸಾಕ್ಷಿಯಾಗದು. ಮರುವಾರ ಅವನ ತಂದೆ ಠಾಣೆಗೆ ತಿಳಿಸಿ ಆ ಡಬ್ಬಿಯನ್ನು ಒಪ್ಪಿಸಿಬಿಟ್ಟರಂತೆ; ಅಳತೆಕೊಳವೆ ಮಾತ್ರ ಕೋವಿಯ ಪಕ್ಕದಲ್ಲಿ ಗೋಡೆಯ ಮೇಲೆಯೇ ಇದೆ.